ಕೆಲಸಕ್ಕೊಂದು ಜಗಲಿ



ಅಲೆಮಾರಿ ಎಂದೊಡನೆ ನಮ್ಮ ಚಿತ್ರದುರ್ಗ ಸೀಮೆಯವರಿಗೆ ಕುರಿಮಂದೆಯ ಹಿಂದೆ ಕಂಬಳಿ ಹೊದ್ದು ನಡೆಯುವವರು ನೆನಪಾಗುತ್ತಾರೆ. ವಯಸ್ಸಾದವರಿಗೆ, ಹೆಗಲ ಮೇಲೆ ಕಮಾನು ಹೊತ್ತು ಊರೂರು ತಿರುಗಿ ಹತ್ತಿ ಹಿಂಜುತ್ತಿದ್ದ ಪಿಂಜಾರರು, ಮರದ ಕೆಳಗೆ ತಿದಿ ಹೂಡಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು ನೆನಪಾಗಬಹುದು. ಈಗ ಈ ಸಾಲಿಗೆ ಹೊಸಬರು ಸೇರಿದ್ದಾರೆ. ಇವರ ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲವಿದೆ. ಇವರಿಗೆ ಇಂಥದ್ದೇ ಆಫೀಸು ಎಂಬುದಿಲ್ಲ. ಎಲ್ಲಿ ಕರೆಂಟು, ಇಂಟರ್ನೆಟ್ಟು ಸಿಗುತ್ತದೋ ಅಲ್ಲೇ ಕೆಲಸ. 'ಡಿಜಿಟಲ್ ಅಲೆಮಾರಿ' ಎಂದು ಇವರಿಗೆ ಹೆಸರು. ಎಸ್ಟೋನಿಯಾ ದೇಶ 2020ರಲ್ಲಿ, ಯುಎಇ 2021ರಲ್ಲಿ ಇಂಥವರಿಗೆಂದೇ ಪ್ರತ್ಯೇಕ ವೀಸಾ ಪ್ರಕಟಿಸಿದವು.

"ಅದೆಲ್ಲ ದೊಡ್ಡ ಊರಿನವರ ಮಾತು, ನಮಗೇಕೆ?" ಎನ್ನಬೇಡಿ. 2020ರ ಲಾಕ್‌ಡೌನ್ ಕಲಿಸಿದ ಈ ರೂಢಿ ನಮ್ಮ ಮನೆಗಳ ಒಳಗೂ ಬಂದಿದೆ. ಬೆಂಗಳೂರಿನ ಕಂಪನಿಗೆ ಲೆಕ್ಕ ಬರೆಯುವವಳು, ಆನ್‌ಲೈನ್‌ನಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ಅನುವಾದ ಮಾಡುವವಳು ನಮ್ಮದೇ ಓಣಿಯ ಹೆಣ್ಣುಮಕ್ಕಳು. ಇವರು ಸುತ್ತಾಟಕ್ಕೆಂದು ಊರು ಬಿಡುವವರಲ್ಲ. ತಂಗಿಯ ಮದುವೆಗೆ ಹಿರಿಯೂರಿಗೆ ಬರಬೇಕು, ಕಾಯಿಲೆ ಬಿದ್ದ ಅಮ್ಮಿಯನ್ನು ನೋಡಲು ಹೊಳಲ್ಕೆರೆಗೆ ಹೋಗಬೇಕು. ರಜೆ ಎರಡು ದಿನದ್ದು, ಇರಬೇಕಾದದ್ದು ಹತ್ತು ದಿನ. ಉಳಿದ ಎಂಟು ದಿನ ಆಕೆ ಎಲ್ಲಿ ಕೂತು ಕೆಲಸ ಮಾಡಬೇಕು?

ಕಾಫಿಗೂ ಕೆಲಸಕ್ಕೂ ನಂಟು ಹಳೆಯದು. ಯಮನಿನ ಸೂಫಿಗಳು ರಾತ್ರಿಯ ಝಿಕ್ರ್‌ನಲ್ಲಿ ನಿದ್ದೆ ಬಾರದಿರಲೆಂದು ಕಾಫಿ ಕುಡಿಯುತ್ತಿದ್ದರು. ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಹಡಗಿನ ವ್ಯಾಪಾರಿಗಳು ಕೂತು ವ್ಯವಹಾರ ನಡೆಸುತ್ತಿದ್ದುದರಿಂದಲೇ ಲಾಯ್ಡ್ಸ್ ಎಂಬ ವಿಮೆಯ ಮಾರುಕಟ್ಟೆ ಹುಟ್ಟಿತು. ನಮ್ಮ ಪಕ್ಕದ ಚಿಕ್ಕಮಗಳೂರಿನ ಗಿರಿಗೆ ಬಾಬಾ ಬುಡನ್ ಅವರು ಮೋಖಾದಿಂದ ಏಳು ಬೀಜ ತಂದರೆಂಬ ಪ್ರತೀತಿ ನಿಮಗೆ ಗೊತ್ತೇ ಇದೆ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಅಂಗಡಿ ತೆರೆದಾಗ ಅಲ್ಲಿ ಕಾಫಿಯ ಜೊತೆ ಇಂಟರ್ನೆಟ್ಟೂ ಸಿಗುತ್ತಿತ್ತು. ಆದರೆ ಹಿಂದಿನ ಕಾಲದ ಕಾಫಿ ಅಂಗಡಿಗಳು ಹೆಚ್ಚಾಗಿ ಗಂಡಸರ ಕೂಟಗಳು. ನಮ್ಮ ಊರುಗಳ ಹೋಟೆಲುಗಳಲ್ಲಿ ಆ ಗಾಳಿ ಇನ್ನೂ ಪೂರ್ತಿ ಹೋಗಿಲ್ಲ.

ನಮ್ಮಲ್ಲಿ ಓದಿ ಹೋದ ಹುಡುಗಿಯೊಬ್ಬಳು ಹೊಸದುರ್ಗದ ನೆಂಟರ ಮದುವೆಗೆ ಬಂದಿದ್ದಳು. ಮನೆ ತುಂಬ ಜನ. ಎರಡು ಗಂಟೆಯ ಕೆಲಸ ಮುಗಿಸಲೇಬೇಕಿತ್ತು. ಒಂದು ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕಾಫಿ ಹೇಳಿ ಕೂತಳು. ಹತ್ತು ನಿಮಿಷಕ್ಕೊಮ್ಮೆ ಸಪ್ಲೈಯರ್ ಬಂದು "ಮತ್ತೇನು ಬೇಕಕ್ಕಾ?" ಎಂದ. ಪಕ್ಕದ ಟೇಬಲಿನವರು "ಯಾರ ಮನೆ ಹುಡುಗಿ? ಒಬ್ಬಳೇ ಯಾಕೆ ಕೂತಿದ್ದಾಳೆ?" ಎಂದು ಪಿಸುಗುಟ್ಟಿದರು. ಅರ್ಧ ಕೆಲಸಕ್ಕೇ ಲ್ಯಾಪ್‌ಟಾಪ್ ಮಡಚಿ ಎದ್ದು ಬಂದಳು. ಆ ತಿಂಗಳು ಅವಳ ಸಂಬಳದಲ್ಲಿ ಒಂದು ದಿನದ್ದು ಹೋಯಿತು. ಆ ಸಂಬಳದಲ್ಲೇ ತಮ್ಮನ ಕಾಲೇಜು ಫೀಜು ಕಟ್ಟುತ್ತಿದ್ದಳು ಎಂಬುದು ಪಿಸುಗುಟ್ಟಿದವರಿಗೆ ಗೊತ್ತಿರಲಿಲ್ಲ.

ಹಾಗಾದರೆ ನಮ್ಮ ಕಡೆ ಜಾಗವೇ ಇಲ್ಲವೇ? ಹುಡುಕಿದರೆ ಇದೆ.

ಮೊದಲನೆಯದು ಗ್ರಂಥಾಲಯ. ಚಿತ್ರದುರ್ಗದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯವಿದೆ. ತಾಲೂಕು ಊರುಗಳಲ್ಲಿ ಶಾಖೆಗಳಿವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳಾಗಿದ್ದು, ಹಲವು ಕಡೆ ಕಂಪ್ಯೂಟರುಗಳೂ ಬಂದಿವೆ. ಇಲ್ಲಿ ಕೂತರೆ "ಏನು ಬೇಕು?" ಎಂದು ಯಾರೂ ಕೇಳುವುದಿಲ್ಲ. ಕೆಲವು ಕಡೆ ಮಹಿಳೆಯರಿಗೆ ಪ್ರತ್ಯೇಕ ಮೇಜೂ ಇರುತ್ತದೆ. ಆದರೆ ಸಾಮಾನ್ಯವಾಗಿ ಸೋಮವಾರ ರಜೆ. ಮಧ್ಯಾಹ್ನ ಬಾಗಿಲು ಹಾಕುವುದೂ ಉಂಟು. ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಅದು ತಕ್ಕ ಜಾಗವಲ್ಲ. ಪ್ಲಗ್ಗು ಬಳಸುವ ಮೊದಲು ಗ್ರಂಥಪಾಲಕರನ್ನು ಒಂದು ಮಾತು ಕೇಳಿ.

ಎರಡನೆಯದು ಹೆದ್ದಾರಿಯ ದೊಡ್ಡ ಹೋಟೆಲುಗಳು. ಹಿರಿಯೂರು, ಚಿತ್ರದುರ್ಗಗಳು ಬೆಂಗಳೂರು-ಪುಣೆ ಹೆದ್ದಾರಿಯ ಮೇಲಿರುವುದರಿಂದ ಅಲ್ಲಿ ಕುಟುಂಬ ಸಮೇತ ನಿಲ್ಲುವವರಿಗೆಂದೇ ಕಟ್ಟಿದ ಹೋಟೆಲುಗಳಿವೆ. ಹೆಂಗಸರ ಶೌಚಾಲಯವಿದೆಯೇ, ವುಝೂಗೆ ನೀರಿದೆಯೇ, ನಮಾಝಿಗೆ ಒಂದು ಮೂಲೆ ಸಿಗುವುದೇ ಎಂದು ಮೊದಲೇ ನೋಡಿಕೊಳ್ಳಿ. ತಿಂಡಿಯ ಹೊತ್ತು ಮುಗಿದು ಊಟದ ಹೊತ್ತು ಬರುವ ಮೊದಲು, ಮತ್ತೆ ಮೂರೂವರೆಯ ನಂತರ ಟೇಬಲುಗಳು ಖಾಲಿ ಇರುತ್ತವೆ. ಊಟದ ಹೊತ್ತಿನಲ್ಲಿ ಒಂದು ಕಾಫಿಗೆ ಎರಡು ಗಂಟೆ ಟೇಬಲು ಹಿಡಿದು ಕೂರುವುದು ಹೋಟೆಲಿನವರ ದುಡಿಮೆಗೆ ಕಲ್ಲು ಹಾಕಿದಂತೆ. ಅವರ ಹಕ್ಕನ್ನು ನಾವು ಕಾಯಬೇಕು. "ಇಷ್ಟು ಹೊತ್ತು ಕೂರುತ್ತೇನೆ" ಎಂದು ಮೊದಲೇ ಹೇಳಿ, ಅದಕ್ಕೆ ತಕ್ಕಂತೆ ಏನಾದರೂ ತರಿಸಿಕೊಳ್ಳಿ.

ಹೊಳಲ್ಕೆರೆ ಮತ್ತು ಹೊಸದುರ್ಗಕ್ಕೆ ರೈಲಿನಲ್ಲಿ ಬರುವವರು ಒಂದು ವಿಷಯ ತಿಳಿದಿರಲಿ. 'ಹೊಸದುರ್ಗ ರೋಡ್' ನಿಲ್ದಾಣ ಹೊಸದುರ್ಗ ಪಟ್ಟಣದಿಂದ ದೂರ. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಳಿದವರಿಗೂ ಮುಂದೆ ಬಸ್ಸೇ ಗತಿ. ಅನೇಕ ನಿಲ್ದಾಣಗಳಲ್ಲಿ ರೈಲ್‌ಟೆಲ್‌ನ ವೈಫೈ ದಿನಕ್ಕೆ ಅರ್ಧ ಗಂಟೆ ಉಚಿತವಾಗಿ ಸಿಗುತ್ತದೆ. ಒಂದು ಮೇಲ್ ಕಳಿಸಲು ಅದು ಸಾಕು, ದಿನದ ಕೆಲಸಕ್ಕೆ ಸಾಲದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಓಡಾಟವೇನೋ ಹಗುರವಾಯಿತು. ಇಳಿದ ಮೇಲೆ ಕೂರುವುದೆಲ್ಲಿ ಎಂಬುದೇ ಉಳಿದ ಪ್ರಶ್ನೆ.

ಹೊರಡುವ ಮೊದಲು ಮಾಡಿಕೊಳ್ಳಬೇಕಾದ ಕೆಲವು ಸಿದ್ಧತೆಗಳಿವೆ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇರಲಿ. ಒಂದರ ಸಿಗ್ನಲ್ ಹೋದರೆ ಇನ್ನೊಂದು ಕೈ ಹಿಡಿಯುತ್ತದೆ. ವಿಡಿಯೋ ಮೀಟಿಂಗಿಗೆ ಗಂಟೆಗೆ ಒಂದು ಜಿಬಿ ಆಸುಪಾಸು ಡೇಟಾ ಬೇಕು. ಧ್ವನಿ ಮಾತ್ರ ಇಟ್ಟುಕೊಂಡರೆ ಅದರ ಹತ್ತರಲ್ಲಿ ಒಂದು ಪಾಲೂ ಬೇಡ. ಕರೆಂಟಿದ್ದಾಗಲೇ ಎಲ್ಲವನ್ನೂ ಚಾರ್ಜ್ ಮಾಡಿಕೊಳ್ಳಿ. ನಮ್ಮ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರಗಳು ತಿರುಗುತ್ತಿದ್ದರೂ ಕೆಳಗಿನ ಮನೆಗಳಲ್ಲಿ ಕರೆಂಟು ಹೋಗುವುದು ತಪ್ಪಿಲ್ಲ! ಗೋಡೆಗೆ ಬೆನ್ನು ಮಾಡಿ ಕೂತರೆ ಪರದೆಯ ಮೇಲಿನದು ಬೇರೆಯವರ ಕಣ್ಣಿಗೆ ಬೀಳದು. ಎಲ್ಲರಿಗೂ ತೆರೆದ ವೈಫೈಯಲ್ಲಿ ಬ್ಯಾಂಕಿನ ವ್ಯವಹಾರ ಬೇಡ. ಕಂಪನಿಯ ಕಾಗದಪತ್ರ ನಿಮ್ಮ ಕೈಯಲ್ಲಿರುವ ಅಮಾನತ್ತು, ಅದನ್ನು ಮರೆಯಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮುಖ್ಯ ಮಾತು ಬೇರೆಯೇ ಇದೆ. ಅದು ಪ್ರಯಾಣ ಹೊರಟವಳಿಗಲ್ಲ, ಅವಳು ಬಂದು ಇಳಿಯುವ ಮನೆಯವರಿಗೆ.

ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದಿದ್ದರು. ಅಲ್ಲಿ ಹುಡುಗಿಯರಿಗೆ 13 ಶಾಲೆಗಳು, ಹುಡುಗರಿಗೆ 23 ಶಾಲೆಗಳು ಇದ್ದುದನ್ನು ಕಂಡು ಬೆರಗಾಗಿ ಬರೆದಿದ್ದಾರೆ. ಹೆಣ್ಣುಮಕ್ಕಳ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಇಂದು ನಾವೂ ಸಾಲ ಮಾಡಿ ಮಗಳನ್ನು ಬಿಕಾಂ, ಬಿಸಿಎ ಓದಿಸುತ್ತೇವೆ. ಕೆಲಸ ಸಿಕ್ಕಿದಾಗ ಮಿಠಾಯಿ ಹಂಚುತ್ತೇವೆ. ಆದರೆ ಅವಳು ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ, "ಬಂದಾಗಲೂ ಅದೇ ಡಬ್ಬಿ ಹಿಡಿದು ಕೂತಳು" ಎನ್ನುತ್ತೇವೆ. ಅವಳ ಅಣ್ಣ ಕೂತರೆ "ಷ್, ಭಾಯಿ ಕೆಲಸ ಮಾಡ್ತಿದ್ದಾನೆ" ಎಂದು ಮಕ್ಕಳನ್ನು ಹೊರಗೆ ಅಟ್ಟುತ್ತೇವೆ. ಇದು ನ್ಯಾಯವೇ? ನೀವೇ ಯೋಚಿಸಿ.

ಪಿಂಜಾರನಿಗೆ ಹತ್ತಿ ಹಿಂಜಲು ಜಾಗ ಬೇಕಿತ್ತು. ಊರಿನವರು ಜಾತಿ-ಧರ್ಮ ಕೇಳದೆ ಜಗಲಿ, ಅಂಗಳ ಬಿಟ್ಟುಕೊಟ್ಟರು; ಕುಡಿಯಲು ನೀರು ಕೊಟ್ಟರು. ಪ್ರಯಾಣಿಕರಿಗೆ ಝಕಾತಿನಲ್ಲೇ ಪಾಲಿಟ್ಟಿರುವ ಧರ್ಮ ನಮ್ಮದು. ಅಂಥ ನಾವು ಮನೆಯ ಮಗಳಿಗೆ, ಸೊಸೆಗೆ, ನೆಂಟರ ಹುಡುಗಿಗೆ ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್, ಎರಡು ಗಂಟೆಯ ಮೌನ ಕೊಡಲಾರೆವೇ? ಇದಕ್ಕೆ ಹಣ ಬೇಕಿಲ್ಲ. ಕಿಟಕಿಯ ಪಕ್ಕ ಒಂದು ಮೇಜು ಖಾಲಿ ಮಾಡಿ. "ಖಾಲಾ, ಸ್ವಲ್ಪ ಕೆಲಸ ಇದೆ" ಎಂದು ಅವಳು ಹೇಳುವ ಮೊದಲೇ "ಬೇಟಿ, ಇಲ್ಲಿ ಕೂತ್ಕೋ" ಎನ್ನಿ. ಬಾಗಿಲು ಮುಂದೆ ಮಾಡಿ, ಟಿವಿಯ ಸದ್ದು ತಗ್ಗಿಸಿ, ಒಂದು ಲೋಟ ಚಹಾ ಇಟ್ಟು ಬನ್ನಿ.

ಹೋಟೆಲಿನಲ್ಲಿ ಹುಡುಗಿಯೊಬ್ಬಳು ಒಂಟಿಯಾಗಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದರೆ "ಯಾರ ಮನೆಯವಳು?" ಎಂದು ಕಣ್ಣರಳಿಸುವ ಬದಲು, ಪಕ್ಕದ ಟೇಬಲಿನಲ್ಲಿ ಸುಮ್ಮನೆ ಕೂತು ನಿಮ್ಮ ಊಟ ಮುಗಿಸಿ. ನೀವು ಅಲ್ಲಿರುವುದೇ ಅವಳಿಗೆ ಧೈರ್ಯ.