ಆಟದ ಬೀಗ, ಮನೆಯ ಬೀಗ

ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಕಡೆ ಅಟ್ಟಕ್ಕೇರಿದ ಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು ಅಲುಗಾಡುವವರೆಗೆ ಕಾದವರಿಗೇ ದುಡ್ಡು. ಆ ದುಡ್ಡು ಬ್ಯಾಂಕಿಗೆ ಬಿದ್ದ ಸುದ್ದಿ ಈಗ ಬರುವುದು ಅಪ್ಪನ ಮೊಬೈಲಿಗೆ. ಅದೇ ಮೊಬೈಲಿನಲ್ಲಿ ಸಂಜೆ ಮಗ ಬಿಜಿಎಂಐ ಆಡುತ್ತಾನೆ. ‘ಆಟದ ಖಾತೆ ತಾನೇ, ಕದ್ದರೆ ಏನು ಹೋದೀತು?’ ಎನ್ನುವವರು ಇಲ್ಲಿ ತುಸು ನಿಂತು ಯೋಚಿಸಬೇಕು.

ಹುಡುಗರು ಆಟಕ್ಕೆಂದು ಬೇರೆ ಬೀಗ ಮಾಡಿಸುವುದು ಕಡಿಮೆ. ಮೊಬೈಲಿನಲ್ಲಿರುವ ಗೂಗಲ್ ಖಾತೆಯಿಂದಲೇ ಒಳಹೋಗುತ್ತಾರೆ. ಆ ಖಾತೆಯ ಇ-ಮೇಲ್ ಕಳ್ಳನ ಕೈಸೇರಿದರೆ, ‘ಪಾಸ್‌ವರ್ಡ್ ಮರೆತೆ’ ಎಂದು ಒತ್ತಿ ಉಳಿದ ಎಷ್ಟೋ ಖಾತೆಗಳಿಗೆ ಅವನು ಹೊಸ ಕೀಲಿ ಪಡೆಯಬಲ್ಲ.

ಕಳ್ಳ ಪಾಸ್‌ವರ್ಡನ್ನು ಊಹಿಸುತ್ತಾನೆಯೇ? ಲೆಕ್ಕ ಹಾಕಿ ನೋಡಿ. ಇಂಗ್ಲಿಷಿನ 26 ಸಣ್ಣ ಅಕ್ಷರಗಳಿಂದ ಆರು ಅಕ್ಷರದ ಪದಗಳು ಸುಮಾರು 30 ಕೋಟಿ 89 ಲಕ್ಷ ಆಗುತ್ತವೆ. ಹನ್ನೆರಡು ಅಕ್ಷರವಾದರೆ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕು! ಉದ್ದನೆಯ ಪದವನ್ನು ಊಹಿಸುವುದು ಕಷ್ಟ. ಆದ್ದರಿಂದ ಕಳ್ಳ ಸುಲಭದ ದಾರಿ ಹಿಡಿಯುತ್ತಾನೆ: ಬೇರೆಲ್ಲೋ ಸೋರಿಹೋದ ಪಾಸ್‌ವರ್ಡನ್ನು ಇಲ್ಲಿ ಹಾಕಿ ನೋಡುತ್ತಾನೆ. 2011ರ ಅಕ್ಟೋಬರಿನಲ್ಲಿ ಸೋನಿ ಸಂಸ್ಥೆಯ ಆಟದ ಜಾಲಗಳಲ್ಲಿ ಸುಮಾರು 93,000 ಖಾತೆಗಳಿಗೆ ಹೀಗೆ ಹೊರಗಿನ ಕೀಲಿ ಹೊಂದಿಕೊಂಡಿತ್ತು. ಒಂದೇ ಪಾಸ್‌ವರ್ಡನ್ನು ಹಲವೆಡೆ ಬಳಸಿದ್ದರ ಫಲ ಅದು.

ಇನ್ನೊಂದು ದಾರಿ ಆಸೆಯದು. ‘ಪುಕ್ಕಟೆ ಯುಸಿ ಕೊಡುತ್ತೇವೆ’ ಎಂಬ ಸಂದೇಶ ಒತ್ತಿದರೆ ಅಸಲಿಯಂತೆಯೇ ಕಾಣುವ ನಕಲಿ ಪುಟ ತೆರೆಯುತ್ತದೆ. ಅಲ್ಲಿ ಪಾಸ್‌ವರ್ಡ್ ಬರೆದರೆ ಕಳ್ಳನಿಗೇ ಬರೆದುಕೊಟ್ಟಂತೆ.

ಇದಕ್ಕೆ ಮದ್ದು ಎರಡನೆಯ ಬೀಗ. ಅಥೆಂಟಿಕೇಟರ್ ಎಂಬ ತಂತ್ರಾಂಶವನ್ನು ಜೋಡಿಸುವಾಗ ಮೊಬೈಲಿಗೂ ಕಂಪನಿಯ ಕಂಪ್ಯೂಟರಿಗೂ ಒಂದೇ ಗುಟ್ಟಿನ ಸಂಖ್ಯೆ ದೊರೆಯುತ್ತದೆ. ಎರಡೂ ಆ ಗುಟ್ಟನ್ನು ಗಡಿಯಾರದ ವೇಳೆಯೊಂದಿಗೆ ಬೆರೆಸಿ 30 ಸೆಕೆಂಡಿಗೊಮ್ಮೆ ಆರು ಅಂಕಿಯ ಹೊಸ ಸಂಖ್ಯೆ ಕಟ್ಟುತ್ತವೆ. ಲೆಕ್ಕ ಮೊಬೈಲಿನೊಳಗೇ ನಡೆಯುವುದರಿಂದ ತೋಟದಲ್ಲಿ ಸಿಗ್ನಲ್ ಇಲ್ಲದಿದ್ದರೂ ಸಂಖ್ಯೆ ಬರುತ್ತದೆ. ಪಾಸ್‌ವರ್ಡ್ ಕದ್ದವನಿಗೆ ಈ ಸಂಖ್ಯೆ ಇರುವುದಿಲ್ಲ.

ಆದರೆ ಇದಕ್ಕೂ ಮಿತಿ ಉಂಟು. ನಕಲಿ ಪುಟದಲ್ಲಿ ಈ ಸಂಖ್ಯೆಯನ್ನೂ ಬರೆದರೆ ಕಳ್ಳ ಆ ಕ್ಷಣವೇ ಅಸಲಿ ಬಾಗಿಲಿನಲ್ಲಿ ಅದನ್ನು ಬಳಸುತ್ತಾನೆ. ‘ಪಾಸ್‌ಕೀ’ ಎಂಬ ಹೊಸ ಬಗೆಯ ಕೀಲಿಯಲ್ಲಿ ಈ ಅಪಾಯವಿಲ್ಲ. ಅದು ಪುಟದ ವಿಳಾಸವನ್ನೇ ಗುರುತಿಸುವುದರಿಂದ ನಕಲಿ ಪುಟದಲ್ಲಿ ತಿರುಗುವುದೇ ಇಲ್ಲ.

ಹೀಗಾಗಿ ಮೊದಲು ಭದ್ರಪಡಿಸಬೇಕಾದದ್ದು ಇ-ಮೇಲ್. ಅದಕ್ಕೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಮತ್ತು ಎರಡನೆಯ ಬೀಗ ಇರಲಿ. ಬೀಗ ಕೈಕೊಟ್ಟಾಗ ಬಳಸಲು ಕೊಡುವ ಬಿಡಿ ಸಂಕೇತಗಳನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯಲ್ಲಿಡಿ. ಆಟಕ್ಕೆ ಮಗನ ಖಾತೆಯೇ ಬೇರೆ ಇರಲಿ. ಗೂಗಲ್ ಖಾತೆಯ ‘ಭದ್ರತೆ’ ವಿಭಾಗದಲ್ಲಿ ಅಪರಿಚಿತ ಸಾಧನ ಕಂಡರೆ ಅದನ್ನು ಹೊರಹಾಕಿ ಪಾಸ್‌ವರ್ಡ್ ಬದಲಿಸಿ. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಮೋಸಹೋದ ಹುಡುಗ ಬೈಗುಳಕ್ಕೆ ಹೆದರಿ ಸುಮ್ಮನಿದ್ದರೆ ಕಳ್ಳನಿಗೆ ಅಷ್ಟು ಹೊತ್ತು ಲಾಭ. ಹುಡುಗ ಬಂದು ಹೇಳಿದ ದಿನ ಅಪ್ಪ ಮೊದಲು ಬೀಗ ಬದಲಿಸಲಿ. ಬೈಯುವುದನ್ನು ನಾಳೆಗೆ ಇಟ್ಟುಕೊಳ್ಳಲಿ.