ಉಳಿದ ಗಂಟೆಗಳ ಲೆಕ್ಕ

ಡಯಾಲಿಸಿಸ್ ಯಂತ್ರದ ತತ್ತ್ವವು ಸರಳವಾದುದು. ತೆಳುವಾದ ಪೊರೆಯ ಒಂದು ಪಕ್ಕದಲ್ಲಿ ರಕ್ತವೂ ಮತ್ತೊಂದು ಪಕ್ಕದಲ್ಲಿ ಲವಣಗಳ ದ್ರಾವಣವೂ ಹರಿಯುತ್ತವೆ. ಯೂರಿಯದಂತಹ ಸಣ್ಣ ಅಣುಗಳು ಪೊರೆಯನ್ನು ದಾಟಿ ಹೊರಬೀಳುತ್ತವೆ, ರಕ್ತಕಣಗಳು ಉಳಿಯುತ್ತವೆ. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ಮತ್ತು ಆತನ ಸಂಗಡಿಗರು, ರೋಗಿಯ ತೋಳಿನಲ್ಲಿಯೇ ಬಿಡಬಹುದಾದ ಟೆಫ್ಲಾನ್ ನಳಿಕೆಯನ್ನು ಬಳಕೆಗೆ ತಂದ ಮೇಲೆ, ಈ ಚಿಕಿತ್ಸೆಯನ್ನು ವರ್ಷಗಟ್ಟಲೆ ನಡೆಸುವುದು ಸಾಧ್ಯವಾಯಿತು. ರೋಗಿಯ ಆಯುಸ್ಸು ಬೆಳೆಯಿತು. ಅದರೊಡನೆ ಮನೆಯವರ ಹೊರೆಯೂ ಬೆಳೆಯಿತು.

ವಾರಕ್ಕೆ 168 ಗಂಟೆ. ಆರೋಗ್ಯವಂತನ ಮೂತ್ರಪಿಂಡಗಳಿಗೆ ಇದರಲ್ಲಿ ಒಂದು ಗಳಿಗೆಯೂ ಬಿಡುವಿಲ್ಲ. ಯಂತ್ರವಾದರೋ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆಯಂತೆ ದುಡಿದರೂ ಆಗುವುದು 12 ಗಂಟೆ ಮಾತ್ರ. ಉಳಿದ 156 ಗಂಟೆಗಳ ಕಾವಲು ಮನೆಯವರದು. ಅದರಲ್ಲಿಯೂ ಬಹುಮಟ್ಟಿಗೆ ಹೆಂಡತಿಯದು, ತಾಯಿಯದು, ಮಗಳದು. ಕುಡಿಯುವ ನೀರನ್ನು ಅಳೆದು ಕೊಡಬೇಕು. ಪೊಟ್ಯಾಸಿಯಂ ತಗ್ಗಲೆಂದು ತರಕಾರಿಯನ್ನು ಬೇಯಿಸಿ ನೀರು ಬಸಿಯಬೇಕು. ಎಳನೀರು, ಬಾಳೆಹಣ್ಣುಗಳನ್ನು ಕಣ್ಣಿಗೆ ಬೀಳದಂತೆ ಇಡಬೇಕು. ಉಪ್ಪು ಕಡಿಮೆಯಾದ ಸಾರನ್ನು ಬಡಿಸಿ ಬೈಗಳನ್ನೂ ಕೇಳಬೇಕು.

2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಚಿಕಿತ್ಸೆಯನ್ನು ಒದಗಿಸುವ ಗುರಿಯುಳ್ಳದ್ದು. ಇದು ಸ್ತುತ್ಯವೇ. ಆದರೆ ಜೊತೆಗೆ ಬಂದವರು ಕಳೆದುಕೊಂಡ ಕೂಲಿ ಮತ್ತು ನಿದ್ರೆ ಯಾವ ಲೆಕ್ಕಪುಸ್ತಕದಲ್ಲಿಯೂ ಸೇರುವುದಿಲ್ಲ.

ಮನೆಯವರ ಸೇವೆ ಕರ್ತವ್ಯವಷ್ಟೆ, ಅದನ್ನು ಅಳೆಯುವುದೆಂದರೇನು ಎಂದು ಕೆಲವರು ಕೇಳಬಹುದು. ಉಕ್ಕಿನ ತಂತಿಗೂ ಸ್ಥಿತಿಸ್ಥಾಪಕತೆಯ ಮಿತಿಯೊಂದುಂಟು. ಅದನ್ನು ಮೀರಿ ಭಾರ ಹೇರಿದರೆ, ಭಾರವನ್ನು ಇಳಿಸಿದ ಮೇಲೂ ತಂತಿ ಮೊದಲಿನಂತಾಗುವುದಿಲ್ಲ. ಮಿತಿಯನ್ನು ತಿಳಿಯದೆ ಭಾರ ಹೇರುವುದು ಧರ್ಮವೂ ಅಲ್ಲ, ವಿಜ್ಞಾನವೂ ಅಲ್ಲ.

ಅಳತೆಯ ಸಾಧನವೂ ಇಲ್ಲದಿಲ್ಲ. 1980ರಲ್ಲಿ ಸ್ಟೀವನ್ ಜ್ಯಾರಿಟ್ ಮತ್ತು ಸಂಗಡಿಗರು, ಮರೆವಿನ ರೋಗವುಳ್ಳ ವೃದ್ಧರನ್ನು ನೋಡಿಕೊಳ್ಳುವವರಿಗಾಗಿ ಒಂದು ಪ್ರಶ್ನಾವಳಿಯನ್ನು ರಚಿಸಿದರು. ಈಗ ಬಳಕೆಯಲ್ಲಿರುವ ರೂಪದಲ್ಲಿ 22 ಪ್ರಶ್ನೆಗಳಿವೆ. ಗರಿಷ್ಠ ಅಂಕ 88. ಡಯಾಲಿಸಿಸ್ ರೋಗಿಗಳ ಕುಟುಂಬಗಳಲ್ಲಿಯೂ ಸಂಶೋಧಕರು ಇದನ್ನು ಬಳಸಿದ್ದಾರೆ.

ಚಿಕಿತ್ಸೆಯ ಮುನ್ನ ರೋಗಿಯ ತೂಕವನ್ನೂ ರಕ್ತದೊತ್ತಡವನ್ನೂ ತಪ್ಪದೆ ಬರೆದುಕೊಳ್ಳುತ್ತಾರೆ. ಆರು ತಿಂಗಳಿಗೊಮ್ಮೆ ಜೊತೆಯವರನ್ನೂ ಈ ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳಲಿ. ರೋಗಿಯು ಶಕ್ತನಾಗಿದ್ದರೆ ನೀರಿನ ಲೆಕ್ಕವನ್ನು ತಾನೇ ಇಟ್ಟುಕೊಳ್ಳಲಿ. ಅಣ್ಣತಮ್ಮಂದಿರು, ನೆಂಟರು ಆಸ್ಪತ್ರೆಯ ಸರದಿಯನ್ನು ಹಂಚಿಕೊಳ್ಳಲಿ. ಹೊತ್ತವರನ್ನು ಹೊಗಳುವುದು ಸುಲಭ. ಹೊರೆಗೆ ಹೆಗಲು ಕೊಡುವುದೇ ಈಗ ಆಗಬೇಕಾದ ಕೆಲಸ.