ಸಂಕ ಹುಡುಕುವ ಲೆಕ್ಕ

ಮಕ್ಕಳೇ, ನಕ್ಷೆ ಮತ್ತು ದಿಕ್ಸೂಚಿ ಹಿಡಿದು ಕಾಡಿನಲ್ಲಿ ಗುರುತುಗಳನ್ನು ಹುಡುಕುತ್ತ ಓಡುವ ಆಟವೊಂದಿದೆ. ಹೆಸರು ಓರಿಯಂಟಿಯರಿಂಗ್. ಸ್ವೀಡನ್, ನಾರ್ವೆಗಳ ಸೈನಿಕರ ತರಬೇತಿಯಾಗಿ ಹುಟ್ಟಿದ್ದು, 1897ರಲ್ಲಿ ನಾರ್ವೆಯಲ್ಲಿ ಸಾರ್ವಜನಿಕರ ಸ್ಪರ್ಧೆಯೂ ಆಯಿತು. ಗುರುತಿನ ಜಾಗದಲ್ಲಿ ಕಿತ್ತಳೆ-ಬಿಳಿ ಬಣ್ಣದ ಬಾವುಟ ಕಟ್ಟಿರುತ್ತಾರೆ. ಎಲ್ಲವನ್ನೂ ಕ್ರಮವಾಗಿ ಮುಟ್ಟಿ ಕಡಿಮೆ ಹೊತ್ತಿನಲ್ಲಿ ಬಂದವರು ಗೆದ್ದಂತೆ.

ನಮ್ಮ ಶೆಟ್ಟಿಹಳ್ಳಿ, ಉಂಬ್ಳೇಬೈಲು ಕಡೆಯ ಕಾಡಿನಲ್ಲಿ ಈ ಆಟ ಆಡುವುದು ಸುಲಭವಲ್ಲ. ಬಿದಿರುಮೆಳೆ, ಮುಳ್ಳುಪೊದೆ, ಮಳೆಗಾಲದಲ್ಲಿ ಇಂಬಳ. ಎಷ್ಟೋ ಕಡೆ ಇಪ್ಪತ್ತು ಅಡಿ ಆಚೆಗೆ ಏನೂ ಕಾಣದು. ದಿಕ್ಸೂಚಿ ಉತ್ತರ ಯಾವುದೆಂದು ಹೇಳುತ್ತದೆಯೇ ಹೊರತು ನೀವು ಎಲ್ಲಿದ್ದೀರಿ ಎಂದು ಹೇಳುವುದಿಲ್ಲ. ಅದಕ್ಕೆ ಎಷ್ಟು ದೂರ ನಡೆದಿರಿ ಎಂಬುದು ಗೊತ್ತಿರಬೇಕು.

ಕಾಲೇಜಿನ ಎನ್.ಸಿ.ಸಿ.ಯಲ್ಲಿ ನಮಗೆ ನಕ್ಷೆ ಓದಲು ಕಲಿಸಿದ ಹವಾಲ್ದಾರರು ಮೊದಲು ಹೆಜ್ಜೆ ಎಣಿಸಲು ಹಚ್ಚಿದರು. ಎಡಗಾಲು ನೆಲ ಮುಟ್ಟಿದಾಗಲೆಲ್ಲ ಒಂದು. ಬಯಲಿನಲ್ಲಿ ದೊಡ್ಡವರಿಗೆ ನೂರು ಮೀಟರಿಗೆ ಸುಮಾರು 60-65 ಎಣಿಕೆ. ಪೊದೆಯಲ್ಲಿ, ಏರಿನಲ್ಲಿ ಇನ್ನೂ ಹೆಚ್ಚು. ನೂರು ಮೀಟರಾದರೆ ಒಂದು ಕಲ್ಲುಹರಳು ಎಡಜೇಬಿನಿಂದ ಬಲಜೇಬಿಗೆ. ಮುಂದೆ ಬ್ಯಾಂಕಿನಲ್ಲಿ ನೂರು ನೋಟಿಗೊಂದು ಕಟ್ಟು ಕಟ್ಟುವಾಗ ಇದು ನೆನಪಾಗುತ್ತಿತ್ತು.

ಅವರು ಹೇಳಿಕೊಟ್ಟ ಇನ್ನೊಂದು ಉಪಾಯ ನನಗೆ ಇವತ್ತಿಗೂ ಅಚ್ಚುಮೆಚ್ಚು. ನೇರ ಪೂರ್ವಕ್ಕೆ ಒಂದು ಕಿಲೋಮೀಟರ್ ದೂರದಲ್ಲಿ ಒಂದು ಹಳ್ಳ, ಅದು ಉತ್ತರಕ್ಕೆ ಹರಿಯುತ್ತಿದೆ ಎನ್ನಿ. ದಾಟಲು ಒಂದೇ ಕಾಲುಸಂಕ. ಸಂಕಕ್ಕೇ ಗುರಿಯಿಟ್ಟು ಹೊರಟಿರಿ. ಮರ ಸುತ್ತಿ, ಮೆಳೆ ಬಳಸಿ ನಡೆಯುವಾಗ ದಿಕ್ಕು ಐದು ಡಿಗ್ರಿ ತಪ್ಪುವುದು ಏನೇನೂ ಹೆಚ್ಚಲ್ಲ. ಆದರೆ ಹಳ್ಳ ಮುಟ್ಟುವಾಗ ಸಂಕದಿಂದ ಸುಮಾರು 87 ಮೀಟರ್ ಆಚೆಗಿರುತ್ತೀರಿ. ಸಂಕ ಕಾಣುವುದಿಲ್ಲ. ಅದು ಎಡಕ್ಕೋ, ಬಲಕ್ಕೋ? ಅದೂ ತಿಳಿಯದು.

ಆದ್ದರಿಂದ ಬೇಕೆಂದೇ ಹತ್ತು ಡಿಗ್ರಿ ಬಲಕ್ಕೆ ತಪ್ಪಿಸಿ ನಡೆಯಬೇಕು! ಆಗ ಐದು ಡಿಗ್ರಿ ಹೆಚ್ಚುಕಡಿಮೆಯಾದರೂ ನೀವು ಹಳ್ಳ ಮುಟ್ಟುವುದು ಸಂಕದ ಬಲಕ್ಕೇ. ಕಣ್ಣುಮುಚ್ಚಿ ಎಡಕ್ಕೆ ತಿರುಗಿ ನೀರಿನ ಜೊತೆ ನಡೆದರೆ ಸಂಕ ಸಿಕ್ಕೇ ಸಿಗುತ್ತದೆ. ಕೋನಮಾಪಕ ಇಟ್ಟು ಹಾಳೆಯ ಮೇಲೆ ಬರೆದು ನೋಡಿ.

ಭದ್ರಾವತಿಯ ಮಕ್ಕಳಿಗೆ ಒಂದು ಮಾತು. 1923ರಲ್ಲಿ ಶುರುವಾದ ನಿಮ್ಮೂರಿನ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಆ ಬಾಬಾಬುಡನ್ ಬೆಟ್ಟಸಾಲಿನ ಬಂಡೆಗಳಲ್ಲಿ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಇದೆ. ಅಂಥ ಕಡೆ ದಿಕ್ಸೂಚಿಯ ಮುಳ್ಳು ಸುಳ್ಳು ಹೇಳಬಹುದು. ಸೊಂಟದ ಕತ್ತಿ, ಜೇಬಿನ ಮೊಬೈಲು ಕೂಡ ಅದನ್ನು ಎಳೆಯುತ್ತವೆ.

ದಾರಿ ತಪ್ಪಿದರೆ ಹಳ್ಳದ ಜೊತೆ ಕೆಳಗಿಳಿ, ಊರು ಸಿಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಗುಂಬೆಯ ಪಕ್ಕದ ಸೀತಾನದಿಯ ಜೊತೆ ಇಳಿದರೆ ಸಿಗುವುದು ಬರ್ಕಣ ಜಲಪಾತ, 259 ಮೀಟರ್ ಆಳ! ದಾರಿ ತಪ್ಪಿದ ಮಗು ಇದ್ದಲ್ಲೇ ಒಂದು ಮರದ ಬುಡದಲ್ಲಿ ಕೂರಬೇಕು. ಮೂರು ಸಲ ಸೀಟಿ ಊದಿ, ಸ್ವಲ್ಪ ನಿಲ್ಲಿಸಿ, ಮತ್ತೆ ಮೂರು ಸಲ. ಅಲೆಯುತ್ತಿರುವವರನ್ನು ಹುಡುಕುವುದಕ್ಕಿಂತ ಕೂತವರನ್ನು ಹುಡುಕುವುದು ಸುಲಭ.

ಇದೆಲ್ಲ ಓದಿ ಕಾಡಿಗೆ ಹೊರಟುಬಿಡಬೇಡಿ. ಅಭಯಾರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅಲ್ಲಿ ಆನೆಗಳಿವೆ. ಅಜ್ಜ-ಅಜ್ಜಿಯರೇ, ಶಾಲೆಯ ಮೈದಾನವೇ ಸಾಕು. ನೂರು ಮೀಟರ್ ಅಳೆದು ಮೊಮ್ಮಕ್ಕಳ ಜೊತೆ ನೀವೂ ಎಣಿಸುತ್ತ ನಡೆಯಿರಿ. ಐದನೇ ತರಗತಿಯ ನನ್ನ ಮೊಮ್ಮಗಳಿಗೆ 78 ಬಂತು. ನನಗೆ 81. ಮಂಡಿನೋವಿಗೆ ಹತ್ತು ಕಳೆಯಬೇಕೆಂದು ವಾದಿಸಿದೆ, ಅವಳು ಬಿಡಲಿಲ್ಲ.